ವಂಶಾವಳಿ ಹುಡುಕುವವರ ಒಂದು ವಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆತನದ ಮೂಲ, ವಂಶವೃಕ್ಷ, ಹಳೆಯ ದಾಖಲೆಗಳ ಹುಡುಕಾಟ ಇವುಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು, ಈ ಕೆಲಸವನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಮ್ಮ ಅಂಕಣಕಾರರಿಂದ ಉತ್ತರ ಪಡೆದಿದ್ದೇವೆ.

ಪ್ರಶ್ನೆ: ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ವಂಶಾವಳಿ ಸಂಶೋಧನೆಯನ್ನು ವೃತ್ತಿಯಾಗಿ ಕೈಗೊಳ್ಳಬೇಕೆಂಬ ಆಸೆಯಿದೆ. ನಿಮ್ಮ ಒಂದು ವಾರದ ಕೆಲಸ ಹೇಗಿರುತ್ತದೆ, ಇದರಿಂದ ಜೀವನ ನಡೆಯುತ್ತದೆಯೇ ಎಂಬುದನ್ನು ದಯವಿಟ್ಟು ತಿಳಿಸಿ. (ಓದುಗರು, ಧಾರವಾಡ)

ವಾರದ ಮೊದಲ ದಿನ ಬಹುಮಟ್ಟಿಗೆ ಬಂದ ಪತ್ರಗಳಿಗೂ ಕರೆಗಳಿಗೂ ಮೀಸಲು. ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಪೂರ್ವಜರ ಕಥೆಯಲ್ಲ, ಜಮೀನಿನ ಖಾತೆ. ಅಜ್ಜನ ಹೆಸರಿನಲ್ಲಿಯೇ ಉಳಿದುಹೋದ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಸಂಬಂಧ ತೋರಿಸಬೇಕಾದವರು ಅವರು. ಉಳಿದವರಲ್ಲಿ ವಿದೇಶದಲ್ಲಿ ನೆಲೆಸಿ ಮಕ್ಕಳಿಗೆ ಊರಿನ ನಂಟು ತೋರಿಸಬಯಸುವವರೂ, ಮನೆದೇವರು ಯಾವುದೆಂಬುದು ಮರೆತುಹೋಗಿ ಮದುವೆಯ ಹೊತ್ತಿಗೆ ಗಾಬರಿಯಾದವರೂ ಇರುತ್ತಾರೆ. ಮೂವರಿಗೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಮನೆಯಲ್ಲಿ ಬದುಕಿರುವ ಅತ್ಯಂತ ಹಿರಿಯರು ಯಾರು, ಅವರೊಡನೆ ಕುಳಿತು ಮಾತನಾಡಿದ್ದೀರಾ? ಬಹಳಷ್ಟು ಮಂದಿ ಮಾತನಾಡಿರುವುದಿಲ್ಲ.

ಆಮೇಲಿನ ಒಂದೆರಡು ದಿನ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕಳೆಯುತ್ತವೆ. ಈಗಿನ ಪಹಣಿಯಿಂದ ಹಿಡಿದು ಒಂದು ಸರ್ವೆ ನಂಬರನ್ನು ಹಿಂದಕ್ಕೆ ಹಿಂದಕ್ಕೆ ಒಯ್ಯುವುದು ಅಲ್ಲಿನ ಕೆಲಸ. ಯಾರು ಸತ್ತರು, ಫೌತಿಯಾಗಿ ಖಾತೆ ಯಾರ ಹೆಸರಿಗೆ ಹೋಯಿತು, ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡು ಪೋಡಿಯಾದಾಗ ನಂಬರು ಹೇಗೆ ಒಡೆಯಿತು ಎಂಬುದನ್ನು ಹಕ್ಕು ಬದಲಾವಣೆಯ ವಹಿಯಲ್ಲಿ ಹುಡುಕಬೇಕಾಗುತ್ತದೆ. ಮರಣದ ನಂತರದ ಒಂದು ಫೌತಿ ನಮೂದಿನಲ್ಲಿ ತಂದೆ, ಮಕ್ಕಳು, ಕೆಲವೊಮ್ಮೆ ವಿಧವೆಯಾದ ಹೆಂಡತಿ, ಹೀಗೆ ಇಡೀ ಮನೆಯೇ ಸಿಕ್ಕಿಬಿಡುವುದುಂಟು. 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಪಹಣಿಗಳು ಗಣಕಕ್ಕೆ ಏರಿದವು ನಿಜ, ಆದರೆ ವಂಶ ಹುಡುಕುವವರಿಗೆ ಬೇಕಾದ ಹಳೆಯ ಕೈಬರಹದ ವಹಿಗಳಿಗಾಗಿ ಹಲವು ಕಡೆ ಅರ್ಜಿ ಕೊಟ್ಟು, ನಕಲಿಗಾಗಿ ಕಾಯಬೇಕಾಗುತ್ತದೆ.

ಊರಿಗೆ ಹೋಗುವ ದಿನವೇ ನನಗೆ ಹೆಚ್ಚು ಪ್ರಿಯ. ಅಲ್ಲಿ ಕಾಗದ ಕೇಳುವ ಮೊದಲು ನಾನು ಅಟ್ಟದ ಮೇಲಿನ ಪಾತ್ರೆಗಳನ್ನು ಕೆಳಗಿಳಿಸಿ ಕೊಡಿ ಎಂದು ಕೇಳುತ್ತೇನೆ. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ದೊಡ್ಡ ತಪ್ಪಲೆ ಇವುಗಳ ಕಂಠದ ಬಳಿ ಮದುವೆಯ ಉಡುಗೊರೆ ಕೊಟ್ಟವರ ಹೆಸರನ್ನೂ ಊರನ್ನೂ ಕೆಲವೊಮ್ಮೆ ತಾರೀಖನ್ನೂ ಚುಕ್ಕೆ ಚುಕ್ಕೆಯಾಗಿ ಕೊರೆಸುವ ರೂಢಿಯಿತ್ತು. ಸರ್ಕಾರದ ಯಾವ ವಹಿಯಲ್ಲಿಯೂ ಇಲ್ಲದ ಮುತ್ತಜ್ಜಿಯ ತವರುಮನೆ, ಹುಣಸೆಹಣ್ಣು ಹಾಕಿ ಉಜ್ಜಿದ ಒಂದು ಕೊಡದ ಮೇಲೆ ಓದಲು ಬರುತ್ತದೆ. ಹಳೆಯ ಲಗ್ನಪತ್ರಿಕೆಯೂ ಹೀಗೆಯೇ, ಅದರಲ್ಲಿ ಸೋದರಮಾವಂದಿರ ಹೆಸರುಗಳು ಸಿಗುತ್ತವೆ. ಶ್ರಾದ್ಧ ನಡೆಸುವ ಮನೆಗಳಲ್ಲಿ ತಂದೆ, ಅಜ್ಜ, ಮುತ್ತಜ್ಜರ ಜೊತೆಗೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳಬೇಕಾಗಿರುವುದರಿಂದ ಪುರೋಹಿತರ ಟಿಪ್ಪಣಿ ಪುಸ್ತಕ ಬಹಳ ಉಪಯುಕ್ತ.

ಸರ್ಕಾರಿ ಶಾಲೆಯ ದಾಖಲಾತಿ ವಹಿ ನೋಡುವುದಕ್ಕೆ ಅರ್ಧ ದಿನ, ಬಂದದ್ದನ್ನೆಲ್ಲ ಬರೆದು ಜೋಡಿಸುವುದಕ್ಕೆ ವಾರದ ಉಳಿದ ದಿನಗಳು ಹೋಗುತ್ತವೆ. ಬರೆಯುವಾಗ ಪ್ರತಿಯೊಂದು ಕೊಂಡಿಯ ಪಕ್ಕದಲ್ಲಿ ಅದು ದಾಖಲೆಯಿಂದ ಖಚಿತವಾದದ್ದೇ, ಸಂಭವನೀಯವೇ, ಬರೀ ಕೇಳಿದ್ದೇ ಎಂದು ಗುರುತು ಹಾಕುವುದು ಕಡ್ಡಾಯ. ಹೆಸರುಗಳನ್ನು ಕಲೆಹಾಕುವುದು ಯಾರಿಗೂ ಸಾಧ್ಯ. ಈ ಬಸಪ್ಪನೇ ಆ ಮಲ್ಲಪ್ಪನ ಮಗ ಎಂದು ತೋರಿಸಿಕೊಡುವುದರಲ್ಲಿಯೇ ಈ ವೃತ್ತಿಯ ಕಷ್ಟವೂ ಬೆಲೆಯೂ ಇದೆ, ಏಕೆಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ತಲೆಮಾರು ಬಿಟ್ಟು ತಲೆಮಾರಿಗೆ ಬಸಪ್ಪ, ಮಲ್ಲಪ್ಪ, ಮತ್ತೆ ಬಸಪ್ಪ ಎಂದೇ ಸಾಗುತ್ತದೆ, ಅಣ್ಣತಮ್ಮಂದಿರಿಬ್ಬರೂ ತಮ್ಮ ತಮ್ಮ ಹಿರಿಮಗನಿಗೆ ಒಂದೇ ಹೆಸರಿಟ್ಟಿರುತ್ತಾರೆ.

ಜೀವನ ನಡೆಯುತ್ತದೆಯೇ ಎಂದರೆ, ಬೇರೊಂದು ಆದಾಯವನ್ನೂ ಇಟ್ಟುಕೊಂಡು ಆರಂಭಿಸಿ ಎನ್ನುತ್ತೇನೆ. ಸಂಭಾವನೆಯನ್ನು ದುಡಿದ ದಿನಗಳಿಗೆ ಪಡೆಯಿರಿ, ಫಲಿತಾಂಶಕ್ಕೆ ಪಡೆಯಬೇಡಿ. ಫಲಿತಾಂಶಕ್ಕೆ ಹಣ ಎಂದಾದರೆ ಎಲ್ಲರ ವಂಶದಲ್ಲಿಯೂ ಒಬ್ಬ ಪಾಳೆಯಗಾರ ಹುಟ್ಟಿಕೊಳ್ಳುತ್ತಾನೆ.

ಪ್ರಶ್ನೆ: ನಮ್ಮ ತಂದೆಯವರ ಕಾಲದಲ್ಲಿ ಸುಗ್ಗಿಯಾದ ಮೇಲೆ ಹೆಳವರು ಎತ್ತಿನೊಂದಿಗೆ ಬಂದು ನಮ್ಮ ಮನೆತನದ ಹೆಸರುಗಳನ್ನು ಹೇಳುತ್ತಿದ್ದರು. ಈಗ ಆಸ್ತಿಯ ದಾವೆಯೊಂದಿದೆ. ಅವರ ಪುಸ್ತಕವನ್ನು ನ್ಯಾಯಾಲಯ ಒಪ್ಪುತ್ತದೆಯೇ? (ಓದುಗರು, ಬಾಗಲಕೋಟೆ ಜಿಲ್ಲೆ)

ನನ್ನಂಥವರು ಇಂದು ಮಾಡುತ್ತಿರುವ ಕೆಲಸವನ್ನು ಉತ್ತರ ಕರ್ನಾಟಕದಲ್ಲಿ ತಲೆತಲಾಂತರದಿಂದ ಮಾಡಿಕೊಂಡು ಬಂದವರು ಹೆಳವರು. ಯಾವ ಹೆಳವರ ಮನೆಗೆ ಯಾವ ಊರುಗಳು ಎಂಬುದು ಅವರೊಳಗೆ ಗೊತ್ತಿರುತ್ತದೆ, ಅವರಲ್ಲಿ ಪಾಲಾದಾಗ ಊರುಗಳೂ ಪಾಲಾಗುತ್ತವೆ. ಸಿಂಗರಿಸಿದ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಬಾಗಿಲ ಮುಂದೆ ನಿಂತು ಮೂಲಪುರುಷನಿಂದ ಆರಂಭಿಸಿ ಹೆಸರುಗಳನ್ನು ಹೇಳುವ ಪದ್ಧತಿ ನಿಮ್ಮ ತಂದೆಯವರಿಗೆ ನೆನಪಿರುವಂಥದ್ದು. ಈಗ ಎತ್ತಿನ ಬದಲು ವಾಹನದಲ್ಲಿ ಬರುವವರೂ ಇದ್ದಾರೆ. ಹಿಂದಿನ ಭೇಟಿಯ ನಂತರ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ, ಬಟ್ಟೆ, ಹಣ, ಕೆಲವು ಮನೆಗಳಲ್ಲಿ ಕರುವನ್ನೂ ಕಾಣಿಕೆಯಾಗಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಮನೆತನವು ಎಲ್ಲಿಂದ ಎದ್ದು ಎಲ್ಲಿಗೆ ಬಂತು, ಬೆಡಗು (ಗೋತ್ರದಂಥ ಕುಲದ ಒಳಪಂಗಡ) ಯಾವುದು, ಮನೆದೇವರು ಯಾರು ಎಂಬ ಮಾಹಿತಿ ಅವರಲ್ಲಿ ಸಿಗುವಷ್ಟು ಕಂದಾಯ ಇಲಾಖೆಯಲ್ಲಿ ಸಿಗುವುದಿಲ್ಲ.

ನಂಬಿಕೆಯ ಪ್ರಶ್ನೆಗೆ ಬಂದರೆ, ಇತ್ತೀಚಿನ ನಾಲ್ಕೈದು ತಲೆಮಾರುಗಳನ್ನು ಕಂದಾಯ ದಾಖಲೆಯೊಂದಿಗೆ ಹೋಲಿಸಿ ನೋಡಿದಾಗ ಹೆಳವರ ಪುಸ್ತಕಗಳು ಬಹುಮಟ್ಟಿಗೆ ಸರಿಯಾಗಿಯೇ ಇರುವುದನ್ನು ಕಂಡಿದ್ದೇನೆ. ಅದಕ್ಕಿಂತ ಹಿಂದಿನ ಭಾಗದಲ್ಲಿ ಒಂದೆರಡು ತಲೆಮಾರು ಬಿಟ್ಟುಹೋಗಿರಬಹುದು, ಅಥವಾ ಅಣ್ಣತಮ್ಮಂದಿರನ್ನು ತಂದೆಮಕ್ಕಳೆಂದು ಬರೆದಿರಬಹುದು. ನಾನು ನೋಡಿದ ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳು ತೀರ ವಿರಳ. ದಾವೆಯಲ್ಲಿ ಇದು ದೊಡ್ಡ ಕೊರತೆ.

ಕಾನೂನಿನ ವಿಷಯ ಹೀಗಿದೆ. ಮನೆತನದ ಸಂಬಂಧವನ್ನು ವಿಶೇಷವಾಗಿ ಬಲ್ಲವರಾಗಿದ್ದು ಈಗ ತೀರಿಕೊಂಡಿರುವವರು, ವ್ಯಾಜ್ಯ ಹುಟ್ಟುವುದಕ್ಕೆ ಮೊದಲೇ ಹೇಳಿದ ಅಥವಾ ಬರೆದಿಟ್ಟ ಮಾತಿಗೆ ಸಾಕ್ಷ್ಯದ ಸ್ಥಾನ ಸಿಗಲು 1872ರ ಸಾಕ್ಷ್ಯ ಕಾಯ್ದೆಯ 32ನೆಯ ಕಲಂ ಅವಕಾಶ ಕೊಟ್ಟಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ತತ್ತ್ವ ಉಳಿದಿದೆ. ಆದ್ದರಿಂದ ನಿಮ್ಮ ತಂದೆಯ ಕಾಲದ ಹೆಳವರು ಬರೆದ ಹಳೆಯ ಪುಟಕ್ಕೆ ಬೆಲೆ ಬರಬಹುದು. ದಾವೆ ಹೂಡಿದ ಮೇಲೆ ಬರೆಸಿಕೊಂಡ ಹೊಸ ಪ್ರತಿಗೆ ಆ ಬೆಲೆ ಇರುವುದಿಲ್ಲ. ಪುಸ್ತಕದ ಮೂಲಪ್ರತಿ, ಅದನ್ನು ಇಟ್ಟುಕೊಂಡಿರುವ ಹೆಳವರ ಸಾಕ್ಷಿ, ಜೊತೆಗೆ ಕನಿಷ್ಠ ಒಂದು ಫೌತಿ ಅಥವಾ ವಾರಸಾ ನಮೂದು, ಇಷ್ಟನ್ನು ಒಟ್ಟಿಗೆ ಇಟ್ಟುಕೊಂಡು ನಿಮ್ಮ ವಕೀಲರನ್ನು ಕಾಣಿರಿ. ಅವರ ಪುಸ್ತಕವನ್ನು ನೀವೇ ಇಟ್ಟುಕೊಳ್ಳುವುದಕ್ಕೆ ಮಾತ್ರ ಕೇಳಬೇಡಿ. ಅದರಲ್ಲಿ ನಿಮ್ಮ ಮನೆಯೊಂದೇ ಅಲ್ಲ, ಊರಿನ ಎಷ್ಟೋ ಮನೆಗಳಿವೆ, ಅದೇ ಅವರ ಜೀವನಾಧಾರವೂ ಹೌದು.

ಪ್ರಶ್ನೆ: ನಮ್ಮ ಮುತ್ತಜ್ಜ ಕಲಬುರಗಿ ಕಡೆಯವರು, ಅಜ್ಜಿಯ ತವರು ಬಳ್ಳಾರಿ. ಬೆಂಗಳೂರಿನ ಪತ್ರಾಗಾರದಲ್ಲಿ ವಿಚಾರಿಸಿದರೆ ಎರಡೂ ಕಡೆಯದು ಏನೂ ಸಿಗಲಿಲ್ಲ. ಎಲ್ಲಿ ಹುಡುಕಬೇಕು? (ಓದುಗರು, ಬೆಂಗಳೂರು)

1956ರ ನವೆಂಬರ್ 1ಕ್ಕೆ ಮೊದಲು ನಿಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅರ್ಧ ಹುಡುಕಾಟ ಅಲ್ಲಿಯೇ ಮುಗಿಯುತ್ತದೆ. ಇಂದಿನ ಕರ್ನಾಟಕವು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದ್ ಸಂಸ್ಥಾನ, ಮದ್ರಾಸ್ ಪ್ರಾಂತ ಮತ್ತು ಕೊಡಗು ಎಂಬ ಬೇರೆ ಬೇರೆ ಆಡಳಿತಗಳಿಂದ ಕೂಡಿ ಬಂದದ್ದು, ಮೇಲಿನ ಹಂತದ ಕಡತಗಳು ಆಯಾ ರಾಜಧಾನಿಗಳಲ್ಲಿಯೇ ಉಳಿದವು. ಕಲಬುರಗಿ, ಬೀದರ್, ರಾಯಚೂರುಗಳ ಕಡತಗಳಿಗೆ ಹೈದರಾಬಾದಿನ ಪತ್ರಾಗಾರವನ್ನೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರವನ್ನೂ, ಧಾರವಾಡ, ಬೆಳಗಾವಿ, ವಿಜಯಪುರಗಳಿಗೆ ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳನ್ನೂ ನೋಡಬೇಕು. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರಲ್ಲಿಯೇ ಮೈಸೂರಿಗೆ ಸೇರಿತೆಂಬುದು ನೆನಪಿರಲಿ.

ಆದರೆ ಪತ್ರಾಗಾರದಲ್ಲಿ ಸಾಮಾನ್ಯ ರೈತನ ಹೆಸರು ಸಿಗುವುದು ಅಪರೂಪ. ಇನಾಮು (ದಾನವಾಗಿ ಬಂದ ಭೂಮಿ), ವತನ (ಊರಿನ ವಂಶಪಾರಂಪರ್ಯ ಹುದ್ದೆ ಮತ್ತು ಅದರ ಭೂಮಿ), ಸರ್ಕಾರಿ ನೌಕರಿ, ದೊಡ್ಡ ವ್ಯಾಜ್ಯ ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಅಲ್ಲಿಗೆ ಹೋಗಿ. ಇಲ್ಲವಾದರೆ ತಾಲ್ಲೂಕು ಕಚೇರಿಯೇ ಮೇಲು. ನಿಮ್ಮ ಮುತ್ತಜ್ಜನ ಕಡೆಗೆ 1954–55ರ ಖಾಸ್ರಾ ಪಹಣಿ, ಅಂದರೆ ಸರ್ವೆ ನಂಬರುವಾರು ಬರೆದ ಹಕ್ಕುದಾರರ ಮತ್ತು ಸಾಗುವಳಿದಾರರ ದಾಖಲೆ, ಗಟ್ಟಿಯಾದ ಆರಂಭ. ಅದಕ್ಕೂ ಹಿಂದಿನ ಕಾಗದಗಳು ಉರ್ದುವಿನಲ್ಲಿರುತ್ತವೆ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಾದರೆ ಮರಾಠಿಯನ್ನು ಕೂಡುಬರಹದಲ್ಲಿ ಬರೆಯುತ್ತಿದ್ದ ಮೋಡಿ ಲಿಪಿಯನ್ನು ಓದಬಲ್ಲವರನ್ನು ಹುಡುಕಿಕೊಳ್ಳಬೇಕು. ಅಂಥವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಜನಗಣತಿಯಲ್ಲಿ ಹುಡುಕಬಹುದೇ ಎಂದು ಹಲವರು ಕೇಳುತ್ತಾರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಳೆಯ ಗಣತಿಯ ಮನೆವಾರು ಹಾಳೆಗಳೇ ವಂಶ ಹುಡುಕುವವರ ಮುಖ್ಯ ಆಧಾರ. ನಮ್ಮಲ್ಲಿ ಅಂಕಿಅಂಶ ತೆಗೆದುಕೊಂಡ ಮೇಲೆ ಅಂಥ ಹಾಳೆಗಳನ್ನು ಉಳಿಸಲಿಲ್ಲ, 1948ರ ಗಣತಿ ಕಾಯ್ದೆಯಂತೆ ವ್ಯಕ್ತಿಗಳ ಮಾಹಿತಿ ಗೋಪ್ಯವೂ ಹೌದು.

ಪ್ರಶ್ನೆ: ತಂದೆ ತೀರಿಕೊಂಡಿದ್ದಾರೆ. ಫೌತಿ ಖಾತೆಗೆ ವಂಶವೃಕ್ಷ ಕೊಡಬೇಕಾಗಿದೆ. ಮದುವೆಯಾಗಿ ಹೋದ ಅಕ್ಕಂದಿರ ಹೆಸರು ಬಿಡೋಣ ಎಂದು ತಮ್ಮಂದಿರು ಹೇಳುತ್ತಾರೆ. ಏನು ಮಾಡಲಿ? (ಓದುಗರು, ಹಾಸನ)

ಬಿಡಬೇಡಿ. ತಂದೆಯ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ವಾರಸುದಾರರು. ಪಿತ್ರಾರ್ಜಿತದಲ್ಲಿ ಕರ್ನಾಟಕವು 1994ರ ತಿದ್ದುಪಡಿಯಲ್ಲಿ, ಆ ವೇಳೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಅಕ್ಕಂದಿರು ತಾವಾಗಿಯೇ ಪಾಲು ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ವಂಶವೃಕ್ಷದ ಪ್ರಮಾಣಪತ್ರದಲ್ಲಿ ಅವರು ಹುಟ್ಟಿಯೇ ಇಲ್ಲವೆಂಬಂತೆ ಬರೆದು ರುಜು ಹಾಕುವುದು ಸುಳ್ಳು ಪ್ರಮಾಣವಾಗುತ್ತದೆ. ನನ್ನ ಬಳಿಗೆ ಬರುವ ಜಗಳಗಳಲ್ಲಿ ಗಣನೀಯ ಭಾಗ ಹೀಗೆ ಬಿಟ್ಟ ಹೆಸರುಗಳಿಂದಲೇ ಹುಟ್ಟಿಕೊಂಡವು.

ಪ್ರಶ್ನೆ: ನಾವು ತುಳುನಾಡಿನ ಅಳಿಯಸಂತಾನದ ಕುಟುಂಬದವರು. ವಂಶವೃಕ್ಷ ಬರೆಯುವ ಆ್ಯಪ್‌ಗಳೆಲ್ಲ ತಂದೆಯಿಂದ ಮಗನಿಗೆ ಸಾಲು ಎಳೆಯುತ್ತವೆ. ನಮ್ಮದನ್ನು ಹೇಗೆ ಬರೆಯುವುದು? (ಓದುಗರು, ಉಡುಪಿ)

ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ಸಾಲು ಎಳೆಯಿರಿ. ಗಂಡುಮಕ್ಕಳನ್ನು ಆಯಾ ತಾಯಿಯ ಕೆಳಗೆ ಬರೆಯಿರಿ. ಅವರ ಮಕ್ಕಳು ಬೇರೆ ಕುಟುಂಬದ, ಬೇರೆ ಬರಿಯ (ತಾಯಿಯ ಕಡೆಯಿಂದ ಬರುವ ಗೋತ್ರದ) ಮರಕ್ಕೆ ಸೇರುತ್ತಾರೆ. ಕುಟುಂಬ ಎಲ್ಲಿ ಕವರುಗಳಾಗಿ, ಅಂದರೆ ಒಬ್ಬೊಬ್ಬ ಹೆಂಗಸಿನ ಸಂತಾನದ ಕವಲುಗಳಾಗಿ ಒಡೆಯಿತೋ ಅಲ್ಲಿ ಯಾವ ಹೆಂಗಸಿನಿಂದ ಕವರು ಆರಂಭವಾಯಿತು ಎಂಬುದನ್ನು ಗುರುತಿಸಿಕೊಳ್ಳಿ. ಹಳೆಯ ಕಾಗದಗಳಲ್ಲಿ ಒಬ್ಬನನ್ನು ಇಂಥವರ ಅಳಿಯ ಎಂದು ಬರೆದಿದ್ದರೆ ಆ ಇಂಥವರು ಅವನ ಸೋದರಮಾವ, ಮಾವನಿಗೂ ಅಳಿಯನಿಗೂ ನಡುವೆ ಹೆಸರಿಲ್ಲದ ಒಬ್ಬ ಹೆಂಗಸು ಇದ್ದೇ ಇದ್ದಾಳೆ. ಅವಳನ್ನು ಹುಡುಕುವುದೇ ಅಲ್ಲಿನ ಕೆಲಸ. ಗಂಡುಸಂತಾನದ ವಂಶಾವಳಿ ಬರೆಯುವವರಿಗೆ ಕಷ್ಟವಾಗುವ ಮುತ್ತಜ್ಜಿಯರು ನಿಮ್ಮಲ್ಲಿ ಸಲೀಸಾಗಿ ಸಿಗುತ್ತಾರೆ, ಮುತ್ತಜ್ಜಂದಿರೇ ಕಳೆದುಹೋಗಿರುತ್ತಾರೆ.

1949ರ ಅಳಿಯಸಂತಾನ ಕಾಯ್ದೆಯ ನಂತರ ನಡೆದ ಪಾಲುಪಟ್ಟಿಗಳಲ್ಲಿ ಕವರಿನ ಸದಸ್ಯರೆಲ್ಲರ ಹೆಸರು, ವಯಸ್ಸು ಇರುವುದರಿಂದ ಉಪನೋಂದಣಿ ಕಚೇರಿಯಲ್ಲಿ ಅದರ ನಕಲು ಪಡೆಯಿರಿ. ನಿಮ್ಮವರು ಗೇಣಿದಾರರಾಗಿದ್ದರೆ, 1974ರ ಭೂಸುಧಾರಣೆಯ ನಂತರ ಭೂನ್ಯಾಯ ಮಂಡಳಿಗೆ ಕೊಟ್ಟ ಏಳನೆಯ ನಮೂನೆಯ ಅರ್ಜಿ, ಅಂದರೆ ನಿಮ್ಮ ಕಡೆ ಡಿಕ್ಲರೇಶನ್ ಎನ್ನುವ ಕಡತವನ್ನು ಬಿಡಬೇಡಿ. ಯಾರ ಕಾಲದಿಂದ ಗೇಣಿ ಮಾಡುತ್ತಿದ್ದೇವೆ ಎಂದು ಕೊಟ್ಟ ಹೇಳಿಕೆಯಲ್ಲಿ ಎಷ್ಟೋ ಸಲ ಅಜ್ಜ, ಅಜ್ಜಿಯರೂ ಬಂದುಹೋಗಿರುತ್ತಾರೆ.

ಪ್ರಶ್ನೆ: ನಮ್ಮ ಮುತ್ತಜ್ಜ ಧಾತು ಸಂವತ್ಸರದಲ್ಲಿ ಹುಟ್ಟಿದರೆಂದು ಅಜ್ಜಿ ಹೇಳುತ್ತಿದ್ದರು. ಅಜ್ಜ ಮತ್ತು ಅವರ ತಮ್ಮಂದಿರ ಜನ್ಮದಿನ ಶಾಲೆಯಲ್ಲಿ ಜೂನ್ 1 ಎಂದೇ ಇದೆ. ಯಾವುದನ್ನು ನಂಬಬೇಕು? (ಓದುಗರು, ಮೈಸೂರು)

ಜೂನ್ 1 ಶಾಲೆ ತೆರೆಯುವ ಹೊತ್ತಿನ ತಾರೀಖು, ಮೇಷ್ಟರು ಮಗುವನ್ನು ನೋಡಿ ಅಂದಾಜಿನಲ್ಲಿ ಬರೆದುಕೊಂಡದ್ದು. ಅದನ್ನು ನಂಬಬೇಡಿ, ಆದರೆ ವರ್ಷ ಹೆಚ್ಚುಕಡಿಮೆ ಸರಿಯಿರಬಹುದು. ಸಂವತ್ಸರದ ಮಾತು ನಿಜಕ್ಕೂ ಬೆಲೆಯುಳ್ಳದ್ದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವುದರಿಂದ ಧಾತು ಎಂದರೆ 1876–77 ಇರಬೇಕು, ಇಲ್ಲವೇ 1936–37. ಅಜ್ಜ ಹುಟ್ಟಿದ ಅಂದಾಜು ವರ್ಷವನ್ನು ಪಕ್ಕದಲ್ಲಿಟ್ಟುಕೊಂಡರೆ ಮುತ್ತಜ್ಜನದು ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ಕಾಗದದಲ್ಲಿ ಶಕವರ್ಷವಿದ್ದರೆ 78ನ್ನೂ, ಫಸಲಿ (ಕಂದಾಯ ಲೆಕ್ಕದ ವರ್ಷ) ಇದ್ದರೆ 590ನ್ನೂ ಕೂಡಿಸಿ. ತಿಂಗಳನ್ನು ನೋಡಿ ಒಂದು ವರ್ಷ ಅತ್ತಿತ್ತ ಆಗಬಹುದು. ಹಿಜರಿಯು ಚಂದ್ರಮಾನದ್ದಾಗಿರುವುದರಿಂದ ಅದಕ್ಕೆ ಇಂಥ ಸುಲಭದ ಲೆಕ್ಕ ನಡೆಯದು, ಕೋಷ್ಟಕವನ್ನೇ ನೋಡಬೇಕು.

ಮುತ್ತಜ್ಜ 1876–77ರವರೇ ಆದರೆ ಅವರು ಹುಟ್ಟಿದ್ದು ಧಾತು-ಈಶ್ವರದ ಬರದ ನಡುವೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಳೆಯ ಮೈಸೂರಿನ ಎಷ್ಟೋ ಮನೆತನಗಳ ನೆನಪು ಸರಿಯಾಗಿ ಆ ಕಾಲಕ್ಕೆ ಬಂದು ನಿಂತುಬಿಡುತ್ತದೆ. ಹಿರಿಯರು ಒಟ್ಟಿಗೆ ಸತ್ತು, ಉಳಿದ ಮಕ್ಕಳು ಸೋದರಮಾವನ ಊರಿಗೋ ಕೂಲಿ ಸಿಕ್ಕ ಊರಿಗೋ ಹೋಗಿ ನೆಲೆಸಿದರು. ಆದ್ದರಿಂದ ನಿಮ್ಮ ಮುತ್ತಜ್ಜನ ತಂದೆಯ ಹೆಸರು ಈಗಿನ ಊರಿನಲ್ಲಿ ಸಿಗದಿದ್ದರೆ ಅವರ ತಾಯಿಯ ತವರೂರು ಯಾವುದೆಂದು ವಿಚಾರಿಸಿ, ಅಲ್ಲಿ ಹುಡುಕಿ.

ಪ್ರಶ್ನೆ: ನಮ್ಮದು ಕೆಳದಿ ಅರಸರ ವಂಶವೆಂದು ಮನೆಯಲ್ಲಿ ಹೇಳುತ್ತಾರೆ. ಇದನ್ನು ಸಾಬೀತುಪಡಿಸಿ ಕೊಡುವಿರಾ? (ಓದುಗರು, ಶಿವಮೊಗ್ಗ ಜಿಲ್ಲೆ)

ಕೆಳದಿ ರಾಜ್ಯ ಹೈದರಾಲಿಯ ವಶವಾದದ್ದು 1763ರಲ್ಲಿ. ಅಲ್ಲಿಂದ ನಿಮ್ಮವರೆಗೆ ಒಂಬತ್ತೋ ಹತ್ತೋ ತಲೆಮಾರುಗಳಾಗುತ್ತವೆ, ಅಷ್ಟು ಕೊಂಡಿಗಳಿಗೂ ಒಂದೊಂದು ಆಧಾರ ಬೇಕು. ಅರಸರಿಂದ ಕೆಳಕ್ಕೆ ಇಳಿಯುತ್ತಾ ಬರುವ ವಂಶಾವಳಿಗಳನ್ನು ನಾನು ಒಪ್ಪಿಕೊಳ್ಳುವುದಿಲ್ಲ. ನಿಮ್ಮಿಂದ ಹಿಂದಕ್ಕೆ ಹೋಗೋಣ. ಮೊದಲು ಅಜ್ಜನ ತಂದೆಯ ಫೌತಿ ನಮೂದು ತೆಗೆಸಿಕೊಂಡು ಬರೆಯಿರಿ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಮಾಡಿಸಿದ್ದೇನೆ. ದೂರದ ಸಂಬಂಧಿಯೆಂದು ನಮಗೆ ಗೊತ್ತಿರುವ ಒಬ್ಬರನ್ನು ಅದು ತೀರ ಹತ್ತಿರದ ಸೋದರಸಂಬಂಧಿಯೆಂದು ತೋರಿಸುತ್ತಿದೆ. ಮನೆಯಲ್ಲಿ ಇದರಿಂದ ಬೇಡದ ಅನುಮಾನಗಳು ಎದ್ದಿವೆ. (ಓದುಗರು, ಕ್ಯಾಲಿಫೋರ್ನಿಯಾ)

ಅನುಮಾನಕ್ಕೆ ಮೊದಲು ನಿಮ್ಮ ಮನೆಯ ಮದುವೆಗಳನ್ನು ಕಾಗದದ ಮೇಲೆ ಬರೆದು ನೋಡಿ. ಈ ಪರೀಕ್ಷೆಗಳು ಇಬ್ಬರಲ್ಲಿ ಎಷ್ಟು ಡಿಎನ್‌ಎ ಸಮಾನವಾಗಿದೆ ಎಂಬುದನ್ನು ಅಳೆದು, ಗಂಡಹೆಂಡಿರು ಪರಸ್ಪರ ಸಂಬಂಧಿಗಳಲ್ಲ ಎಂದು ಭಾವಿಸಿಕೊಂಡು ನಂಟಸ್ತಿಕೆಯನ್ನು ಊಹಿಸುತ್ತವೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ, ಮಾವನ ಮಗನಿಗೆ ಹೆಣ್ಣು ಕೊಡುವುದು ಮೊನ್ನೆಮೊನ್ನೆಯವರೆಗೂ ಸಾಮಾನ್ಯವಾಗಿತ್ತು. ಒಬ್ಬಾತ ಅಕ್ಕನ ಮಗಳನ್ನು ಮದುವೆಯಾದನೆಂದುಕೊಳ್ಳಿ. ಅವರ ಮಗುವಿಗೆ ಅವನ ತಂದೆತಾಯಿಗಳು ತಂದೆಯ ಕಡೆಯಿಂದ ಅಜ್ಜ ಅಜ್ಜಿ, ತಾಯಿಯ ಕಡೆಯಿಂದ ಮುತ್ತಜ್ಜ ಮುತ್ತಜ್ಜಿ. ಮರದಲ್ಲಿ ಎರಡು ಕಡೆ ಬರೆಯಬೇಕಾದ ಹೆಸರುಗಳು ಅವು. ಇಂಥ ಎರಡು ಮೂರು ಮದುವೆಗಳು ಒಂದೇ ಮನೆತನದಲ್ಲಿ ನಡೆದಿದ್ದರೆ ನಾಲ್ಕು ತಲೆಮಾರಿನಾಚೆಯ ಸಂಬಂಧಿಯೂ ಪರೀಕ್ಷೆಯಲ್ಲಿ ಬಹಳ ಹತ್ತಿರದವರಾಗಿ ಕಾಣುತ್ತಾರೆ. ಒಂದೇ ಜಾತಿಯೊಳಗೆ, ಹತ್ತಿರದ ಊರುಗಳೊಳಗೇ ಹೆಣ್ಣು ತಂದುಕೊಂಡಿದ್ದರೂ ಇದೇ ಪರಿಣಾಮ.

ನಿಮಗೂ ಆ ಸಂಬಂಧಿಗೂ ಎಷ್ಟು ದಾರಿಗಳಲ್ಲಿ ನಂಟಿದೆ ಎಂಬುದನ್ನು ಹಿರಿಯ ಹೆಂಗಸರೊಬ್ಬರನ್ನು ಕೇಳಿ ಬರೆದುಕೊಳ್ಳಿ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೊಸ ಹೆಸರಿಡುತ್ತಿದ್ದುದರಿಂದ ಪ್ರತಿ ಹೆಂಗಸಿಗೂ ತವರಿನ ಹೆಸರು, ಅತ್ತೆಮನೆಯ ಹೆಸರು ಎರಡನ್ನೂ ಕೇಳಿ. ಇಲ್ಲದಿದ್ದರೆ ಒಬ್ಬಳೇ ಇಬ್ಬರಾಗಿಬಿಡುತ್ತಾಳೆ. ಆ ಪಟ್ಟಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಒಟ್ಟಿಗೆ ಕಳುಹಿಸಿದರೆ, ಅಷ್ಟು ಡಿಎನ್‌ಎ ಹಂಚಿಕೆ ಆ ನಂಟುಗಳಿಂದಲೇ ಬರುವಂಥದ್ದೇ ಎಂಬುದನ್ನು ಲೆಕ್ಕ ಹಾಕಿ ನಿಮಗೊಬ್ಬರಿಗೇ ತಿಳಿಸುತ್ತೇನೆ, ಪತ್ರಿಕೆಯಲ್ಲಿ ಪ್ರಕಟಿಸುವುದಿಲ್ಲ.